ಸೆರೆಮನೆಯೊಳಗಿನ ತೆರೆ

ಮನೆ ಬಿಟ್ಟು ಹೋದವನು ಮರಳಿ ಬಂದರೆ ಅವನನ್ನು ಒಳಗೆ ಕರೆಯಬೇಕೆಂಬುದರಲ್ಲಿ ಕ್ರೈಸ್ತರಾದ ನಮ್ಮಲ್ಲಿ ಎರಡು ಮಾತಿಲ್ಲ. ದುಂದುಗಾರ ಮಗನ ಸಾಮತಿಯನ್ನು ನಾವೆಲ್ಲರೂ ಚಿಕ್ಕಂದಿನಿಂದ ಕೇಳುತ್ತ ಬೆಳೆದವರು. ಆದರೆ ಒಳಗೆ ಬಂದವನನ್ನು ಎಲ್ಲಿ ಕೂರಿಸಬೇಕು ಎಂಬ ಪ್ರಶ್ನೆ ಬಂದಾಗ ನಮ್ಮ ಮಾತು ಒಂದು, ನಡತೆ ಮತ್ತೊಂದು. ಕೆಲವು ವರ್ಷ ಬೇರೊಂದು ಪ್ರಾರ್ಥನಾ ಕೂಟಕ್ಕೆ ಹೋಗಿ ಮರಳಿದ ಕುಟುಂಬ, ಧರ್ಮಸಭೆಯ ಹೊರಗೆ ಮದುವೆಯಾಗಿ ಹತ್ತು ವರ್ಷಗಳ ಮೇಲೆ ಮಕ್ಕಳಿಗೆ ಜ್ಞಾನಸ್ನಾನ ಕೇಳಿಕೊಂಡು ಬಂದ ಮಗಳು, ಕಷ್ಟಕಾಲದಲ್ಲಿ ಕಾಗದಪತ್ರಗಳಲ್ಲಿ ತಾನು ಕ್ರೈಸ್ತನೆಂಬುದನ್ನು ಮರೆಮಾಚಿದ ತಂದೆ, ಇಂಥವರು ದೇವಾಲಯದ ಕೊನೆಯ ಸಾಲಿನಲ್ಲಿ ಮುದುರಿ ಕುಳಿತಿರುವುದನ್ನು ಅನೇಕ ಧರ್ಮಕೇಂದ್ರಗಳಲ್ಲಿ ಕಾಣಬಹುದು. ಪಾಪನಿವೇದನೆಯಲ್ಲಿ ಗುರುಗಳು ಕ್ಷಮೆಯನ್ನು ಸಾರಿದ ಮೇಲೂ ಊರು ಕ್ಷಮಿಸುವುದಿಲ್ಲ. ಅವರು ಹೋಗಿ ಬಂದವರು ಎಂಬ ಪಿಸುಮಾತು ಒಂದು ತಲೆಮಾರಿನಿಂದ ಇನ್ನೊಂದು ತಲೆಮಾರಿಗೆ ಪಿತ್ರಾರ್ಜಿತ ಆಸ್ತಿಯಂತೆ ದಾಟಿ ಬರುತ್ತದೆ. ಹೆಣ್ಣು ಕೇಳುವಾಗ, ಹಬ್ಬದ ಸಮಿತಿಗೆ ಹೆಸರು ಸೂಚಿಸುವಾಗ, ವಾಚನ ಓದಲು ಯಾರನ್ನು ಕರೆಯಬೇಕೆಂದು ಯೋಚಿಸುವಾಗ ಆ ಪಿಸುಮಾತು ತಲೆ ಎತ್ತುತ್ತದೆ.

ಇದನ್ನು ನಾವು ಸಾಮಾನ್ಯವಾಗಿ ಮನುಷ್ಯಸಹಜವಾದ ಒರಟುತನವೆಂದು ಬಗೆದು ಸುಮ್ಮನಾಗುತ್ತೇವೆ. ಅದು ಒರಟುತನ ಮಾತ್ರವಲ್ಲ, ವಿಶ್ವಾಸದ ವಿಷಯದಲ್ಲಿಯೇ ಒಂದು ತಪ್ಪು ಎಂಬುದು ನನ್ನ ವಾದ. ಇದು ಹೊಸ ತಪ್ಪೂ ಅಲ್ಲ. ಸಾವಿರದ ಏಳುನೂರು ವರ್ಷಗಳ ಹಿಂದೆ ಈಜಿಪ್ಟಿನ ಧರ್ಮಸಭೆಯನ್ನು ಈ ತಪ್ಪು ಇಬ್ಭಾಗ ಮಾಡಿತು. ಅದನ್ನು ಎದುರಿಸಿ ನಿಂತವರು ಅಲೆಕ್ಸಾಂದ್ರಿಯದ ಪಿತಾಮಹರಾದ ಸಂತ ಪೇತ್ರರು. ಪ್ರೇಷಿತ ಪೇತ್ರರೊಡನೆ ಹೆಸರು ಹಂಚಿಕೊಂಡ ಕಾರಣದಿಂದಲೋ ಏನೋ, ನಮ್ಮಲ್ಲಿ ಇವರನ್ನು ಬಲ್ಲವರು ವಿರಳ. ಆದರೆ ಶ್ರೀರಂಗಪಟ್ಟಣ, ಪಾಂಡವಪುರದ ಸೀಮೆಯಲ್ಲಿ ಬದುಕುವ ಕ್ರೈಸ್ತರು ಬೇರೆ ಯಾರಿಗಿಂತಲೂ ಹೆಚ್ಚಾಗಿ ಇವರ ಜೀವನವನ್ನು ಅರಿಯಬೇಕಾಗಿದೆ. ಅದಕ್ಕೆ ಕಾರಣವನ್ನು ಮುಂದೆ ಹೇಳುತ್ತೇನೆ.

ಪೇತ್ರರು ಅಲೆಕ್ಸಾಂದ್ರಿಯದ ಧರ್ಮಾಧ್ಯಕ್ಷ ಪೀಠವನ್ನು ಏರಿದ್ದು ಸುಮಾರು 300ನೇ ಇಸವಿಯಲ್ಲಿ. ಪಿತಾಮಹ ಎಂಬ ಬಿರುದು ಅಂದು ಇನ್ನೂ ರೂಢಿಗೆ ಬಂದಿರಲಿಲ್ಲವಾದರೂ, ಸಂತ ಮಾರ್ಕರಿಂದ ಎಣಿಸಿದರೆ ಇವರು ಹದಿನೇಳನೆಯ ಪಿತಾಮಹರೆಂದು ಕಾಪ್ಟಿಕ್ ಧರ್ಮಸಭೆ ಲೆಕ್ಕವಿಡುತ್ತದೆ. ಧರ್ಮಸಭೆಯ ಮೊದಲ ಚರಿತ್ರಕಾರರಾದ ಎವುಸೇಬಿಯರು ಇವರ ಸಚ್ಚಾರಿತ್ರ್ಯವನ್ನೂ ಪವಿತ್ರ ಗ್ರಂಥದ ಪಾಂಡಿತ್ಯವನ್ನೂ ಕೊಂಡಾಡಿದ್ದಾರೆ. ಮೂರೇ ವರ್ಷಗಳಲ್ಲಿ, 303ರಲ್ಲಿ, ಚಕ್ರವರ್ತಿ ದಿಯೋಕ್ಲೆತಿಯನನ ಹಿಂಸೆ ಸಿಡಿಲಿನಂತೆ ಎರಗಿತು. ಮೊದಲು ದೇವಾಲಯಗಳನ್ನು ಕೆಡವಿ ಪವಿತ್ರ ಗ್ರಂಥಗಳನ್ನು ಸುಡುವ ಆಜ್ಞೆ ಬಂತು. ನಂತರ ಗುರುಗಳನ್ನು ಸೆರೆಗೆ ದೂಡುವ ಆಜ್ಞೆ. ಕಡೆಗೆ, ಪ್ರಜೆಗಳೆಲ್ಲರೂ ರಾಜ್ಯದ ದೇವತೆಗಳಿಗೆ ಬಲಿ ಅರ್ಪಿಸಲೇಬೇಕೆಂಬ ಆಜ್ಞೆ. ಒಂದು ಚಿಟಿಕೆ ಧೂಪ ಹಾಕಿದರೆ ಬದುಕು, ಇಲ್ಲವಾದರೆ ಚಿತ್ರಹಿಂಸೆ, ಗಣಿಗಳಲ್ಲಿ ಜೀತ, ಸಾವು.

ಈಜಿಪ್ಟಿನಲ್ಲಿ ರಕ್ತಸಾಕ್ಷಿಗಳಾದವರು ಬಹು ಮಂದಿ. ಆದರೆ ಧೂಪ ಹಾಕಿದವರ ಸಂಖ್ಯೆ ಅದಕ್ಕೂ ದೊಡ್ಡದು. ಅವರಲ್ಲಿ ಕೆಲವರು ಹಿಂಸೆಯನ್ನು ತಾಳಲಾರದೆ ಶರಣಾದರು. ಕೆಲವರು ಸೆರೆಯ ದುರ್ಗಂಧದಲ್ಲಿ ಕುಗ್ಗಿದರು. ಯಾರೂ ಮುಟ್ಟುವ ಮೊದಲೇ ಹೆದರಿ ಓಡಿಬಂದು ಬಲಿ ಅರ್ಪಿಸಿದವರೂ ಇದ್ದರು. ದಿನಗಳು ಕಳೆದಂತೆ ಇವರೆಲ್ಲರೂ ಅಳುತ್ತ ಧರ್ಮಸಭೆಯ ಬಾಗಿಲಿಗೆ ಬಂದು ನಿಂತರು. ಇವರನ್ನು ಏನು ಮಾಡಬೇಕು?

306ರ ಪಾಸ್ಖದ ವೇಳೆಗೆ, ಹಿಂಸೆ ಇನ್ನೂ ಮುಗಿಯದೆ ಇರುವಾಗಲೇ, ಪೇತ್ರರು ಹದಿನಾಲ್ಕು ನಿಯಮಗಳ ಒಂದು ಪತ್ರವನ್ನು ಬರೆದರು. ಆ ಪತ್ರ ಇಂದಿಗೂ ಉಳಿದಿದೆ. ಅದನ್ನು ಓದಿದವರಿಗೆ ಮೊದಲು ಎದ್ದು ಕಾಣುವುದು ಒಬ್ಬ ಕುರುಬನ ಸೂಕ್ಷ್ಮ ದೃಷ್ಟಿ. ಬಿದ್ದವರೆಲ್ಲರನ್ನೂ ಒಂದೇ ಹಗ್ಗದಲ್ಲಿ ಕಟ್ಟಲು ಅವರು ಒಪ್ಪಲಿಲ್ಲ. ಚಿತ್ರಹಿಂಸೆಗೆ ಸಿಕ್ಕಿ ಬಿದ್ದವರು ಆಗಲೇ ಮೂರು ವರ್ಷ ಕಣ್ಣೀರಿನಲ್ಲಿ ಕಳೆದಿದ್ದರು. ಅವರಿಗೆ ಇನ್ನು ನಲವತ್ತು ದಿನಗಳ ಪ್ರಾಯಶ್ಚಿತ್ತ ಸಾಕು ಎಂದರು. ಸೆರೆವಾಸವನ್ನಷ್ಟೇ ಅನುಭವಿಸಿ ಸೋತವರಿಗೆ ಮತ್ತೊಂದು ವರ್ಷ ವಿಧಿಸಿದರು. ಏನನ್ನೂ ಅನುಭವಿಸದೆ ಕೇವಲ ಭಯದಿಂದ ಶರಣಾದವರಿಗೆ ಅದಕ್ಕಿಂತ ದೀರ್ಘವಾದ ಕಾಲ. ಮೂರ್ಛೆರೋಗದ ನಟನೆ ಮಾಡಿಯೋ ಬೇರೊಬ್ಬನನ್ನು ತಮ್ಮ ಬದಲಿಗೆ ಕಳುಹಿಸಿಯೋ ಪಾರಾದವರಿಗೆ ಆರು ತಿಂಗಳು. ಯಜಮಾನನ ಬದಲಾಗಿ ಬಲಿ ಅರ್ಪಿಸುವಂತೆ ದೂಡಲ್ಪಟ್ಟ ಗುಲಾಮನಿಗೆ ಒಂದು ವರ್ಷ. ಅವನನ್ನು ದೂಡಿದ ಯಜಮಾನನಿಗೆ ಮೂರು ವರ್ಷ!

ಹಣ ತೆತ್ತು ಪ್ರಾಣ ಉಳಿಸಿಕೊಂಡವರನ್ನು ದೂಷಿಸಬಾರದೆಂದು ಆ ಪತ್ರ ಹೇಳುತ್ತದೆ. ಹಣವನ್ನು ಕಳೆದುಕೊಂಡರೂ ಅವರು ವಿಶ್ವಾಸವನ್ನು ಕಳೆದುಕೊಳ್ಳಲಿಲ್ಲವಲ್ಲ. ಊರು ಬಿಟ್ಟು ಓಡಿಹೋದವರನ್ನೂ ಅದು ದೂಷಿಸುವುದಿಲ್ಲ. ಕಡೆಯದಾದ ಹದಿನಾಲ್ಕನೆಯ ನಿಯಮವಂತೂ ನಮ್ಮನ್ನು ಬೆರಗುಗೊಳಿಸುವಂಥದು. ಕೆಲವರ ಬಾಯನ್ನು ಬಲಾತ್ಕಾರದಿಂದ ತೆರೆದು ಬಲಿಯ ದ್ರಾಕ್ಷಾರಸವನ್ನು ಸುರಿದಿದ್ದರು. ಕೆಲವರ ಕೈಗಳನ್ನು ಹಿಡಿದು, ಸುಡುವ ಬೆಂಕಿಗೆ ಒಡ್ಡಿ ಧೂಪ ಹಾಕಿಸಿದ್ದರು. ಇವರು ಬಿದ್ದವರೇ ಅಲ್ಲ, ಇವರನ್ನು ವಿಶ್ವಾಸದ ಸಾಕ್ಷಿಗಳ ಸಾಲಿನಲ್ಲಿ ಎಣಿಸಬೇಕು ಎಂದು ಪೇತ್ರರು ತೀರ್ಪಿತ್ತರು. ದೇಹಕ್ಕೆ ಆದ ಬಲಾತ್ಕಾರವನ್ನು ಆತ್ಮದ ಒಪ್ಪಿಗೆಯೆಂದು ಓದುವುದು ಅನ್ಯಾಯವೆಂಬುದು ಆ ತೀರ್ಪಿನ ಸಾರ.

ಇದು ಸಡಿಲ ಕರುಣೆಯೆಂದು ಯಾರೂ ತಿಳಿಯಬಾರದು. ಅವರು ವಿಧಿಸಿದ ಪ್ರಾಯಶ್ಚಿತ್ತದ ಅವಧಿಗಳನ್ನು ನಮ್ಮ ಇಂದಿನ ಮೂರು ನಮೋ ಮರಿಯದೊಂದಿಗೆ ಹೋಲಿಸಿ ನೋಡಿರಿ! ತಾವೇ ಮುನ್ನುಗ್ಗಿ ಹಿಂಸೆಯನ್ನು ಎದುರುಗೊಂಡು, ಅಲ್ಲಿ ಸೋತ ಗುರುಗಳು ಮತ್ತೆ ಬಲಿಪೀಠದ ಸೇವೆಗೆ ಮರಳಲಾಗದೆಂದೂ ಅವರು ಕಟ್ಟುನಿಟ್ಟಾಗಿ ಬರೆದರು. ಆದರೆ ಪ್ರತಿಯೊಂದು ಪ್ರಾಯಶ್ಚಿತ್ತಕ್ಕೂ ಒಂದು ಕೊನೆಯ ದಿನವಿತ್ತು. ಆ ದಿನ ಕಳೆದ ಮೇಲೆ ಅವನು ಹೋಗಿ ಬಂದವನಲ್ಲ, ನಮ್ಮವನು. ಪೇತ್ರರ ಪತ್ರಕ್ಕೂ ನಮ್ಮ ಪಿಸುಮಾತಿಗೂ ಇರುವ ವ್ಯತ್ಯಾಸ ಇಲ್ಲಿದೆ: ನಾವು ವಿಧಿಸುವ ಶಿಕ್ಷೆಗೆ ಅವಧಿಯೇ ಇಲ್ಲ.

ಪೇತ್ರರಿಗೆ ಎದುರಾಗಿ ನಿಂತವರು ಲಿಕೊಪೊಲಿಸ್ ಪಟ್ಟಣದ ಧರ್ಮಾಧ್ಯಕ್ಷರಾದ ಮೆಲಿಟಿಯರು. ಹಿಂಸೆ ನಡೆಯುತ್ತಿರುವಾಗಲೇ ಬಿದ್ದವರನ್ನು ಸೇರಿಸಿಕೊಳ್ಳುವ ಮಾತೆತ್ತಬಾರದು, ಹಾಗೆ ಮಾಡಿದರೆ ನಿಂತವರ ಎದೆಗುಂದುತ್ತದೆ ಎಂಬುದು ಅವರ ಪಕ್ಷದ ವಾದವಾಗಿತ್ತು. ಹಿಂಸೆಯ ಕಾರಣ ಪೇತ್ರರು ಅಲೆಕ್ಸಾಂದ್ರಿಯವನ್ನು ಬಿಟ್ಟು ಮರೆಯಾಗಿರಬೇಕಾಯಿತು. ಆಗ ಮೆಲಿಟಿಯರು ಸೆರೆಯಲ್ಲಿದ್ದ ಇತರ ಧರ್ಮಾಧ್ಯಕ್ಷರ ಪ್ರಾಂತ್ಯಗಳಿಗೆ ಹೋಗಿ, ಯಾರ ಅನುಮತಿಯೂ ಇಲ್ಲದೆ ಗುರುದೀಕ್ಷೆ ನೀಡತೊಡಗಿದರು. ಸೆರೆಮನೆಯಿಂದಲೇ ನಾಲ್ವರು ಧರ್ಮಾಧ್ಯಕ್ಷರು ಅವರಿಗೆ ಪ್ರತಿಭಟನೆಯ ಪತ್ರ ಬರೆದರು. ಆ ನಾಲ್ವರಲ್ಲಿ ಒಬ್ಬರು ರಕ್ತಸಾಕ್ಷಿ ಸಂತ ಫಿಲಿಯಾಸರು. ಮೆಲಿಟಿಯರು ಕಿವಿಗೊಡಲಿಲ್ಲ. ಪೇತ್ರರು ಅವರನ್ನು ಧರ್ಮಸಭೆಯ ಅನ್ಯೋನ್ಯತೆಯಿಂದ ಹೊರಗಿಟ್ಟರು.

ನಾಲ್ಕನೆಯ ಶತಮಾನದ ಸಂತ ಎಪಿಫಾನಿಯರು ಈ ಒಡಕಿನ ಬಗ್ಗೆ ಒಂದು ಪ್ರಸಂಗವನ್ನು ಹೇಳುತ್ತಾರೆ. ಪೇತ್ರರೂ ಮೆಲಿಟಿಯರೂ ಒಂದೇ ಸೆರೆಮನೆಯಲ್ಲಿದ್ದಾಗ ಬಿದ್ದವರ ಕುರಿತು ವಾಗ್ವಾದ ಬೆಳೆಯಿತಂತೆ. ಪೇತ್ರರು ತಮ್ಮ ಮೇಲುಹೊದಿಕೆಯನ್ನು ಕೋಣೆಯ ನಡುವೆ ತೆರೆಯಂತೆ ಕಟ್ಟಿಸಿ, ತಮ್ಮ ಅಭಿಪ್ರಾಯದವರು ಈಚೆಗೆ ಬರಲಿ, ಮೆಲಿಟಿಯರ ಅಭಿಪ್ರಾಯದವರು ಆಚೆಗೆ ಹೋಗಲಿ ಎಂದು ಸಾರಿಸಿದರಂತೆ. ಬಹುಮಂದಿ ಆಚೆಗೆ ಹೋದರು. ಪೇತ್ರರ ಪಕ್ಕದಲ್ಲಿ ಉಳಿದವರು ಕೆಲವೇ ಮಂದಿ. ಅಂದಿನಿಂದ ಒಂದೇ ಸೆರೆಯಲ್ಲಿದ್ದ ಆ ಕೈದಿಗಳು ಒಟ್ಟಿಗೆ ಪ್ರಾರ್ಥಿಸುವುದನ್ನೂ ಬಿಟ್ಟರು. ಈ ಪ್ರಸಂಗದ ವಿವರಗಳನ್ನು ಚರಿತ್ರಕಾರರು ಸಂದೇಹಿಸುತ್ತಾರೆ. ಒಡಕು ಮಾತ್ರ ನಿಸ್ಸಂದೇಹವಾದ ಸಂಗತಿ. ಒಂದೇ ಪ್ರಭುವಿಗಾಗಿ ಒಂದೇ ಸಂಕೋಲೆಯನ್ನು ತೊಟ್ಟವರ ನಡುವೆಯೂ ತೆರೆ ಬಿದ್ದಿತ್ತು.

ಮೆಲಿಟಿಯರನ್ನು ಹೇಡಿಯೆಂದೋ ದುಷ್ಟರೆಂದೋ ಚಿತ್ರಿಸುವುದು ಸುಲಭ, ಆದರೆ ಅದು ಸತ್ಯವಲ್ಲ. ಅವರೂ ವಿಶ್ವಾಸಕ್ಕಾಗಿ ಪ್ಯಾಲೆಸ್ತೀನಿನ ಫೈನೋ ಎಂಬಲ್ಲಿಯ ಗಣಿಗಳಲ್ಲಿ ಜೀತಕ್ಕೆ ದೂಡಲ್ಪಟ್ಟವರು. ಆದುದರಿಂದಲೇ ಅವರ ತಪ್ಪು ನಮಗೆ ದೊಡ್ಡ ಎಚ್ಚರಿಕೆಯಾಗಿದೆ. ತಾನು ನಿಜವಾಗಿಯೂ ಅನುಭವಿಸಿದ ಕಷ್ಟವನ್ನು ಮನುಷ್ಯನು ಇನ್ನೊಬ್ಬನನ್ನು ಹೊಡೆಯುವ ಕೋಲನ್ನಾಗಿ ಮಾಡಿಕೊಳ್ಳಬಲ್ಲನು. ಅವರ ಅನುಯಾಯಿಗಳು ತಮ್ಮನ್ನು ರಕ್ತಸಾಕ್ಷಿಗಳ ಧರ್ಮಸಭೆ ಎಂದು ಕರೆದುಕೊಂಡರು. ಆದರೆ ರಕ್ತ ಸುರಿಸಿ ಸಾಕ್ಷಿಯಾದವರು ಪೇತ್ರರು! 311ರ ವಸಂತದಲ್ಲಿ ಹಿಂಸೆಯನ್ನು ನಿಲ್ಲಿಸುವ ರಾಜಾಜ್ಞೆ ಹೊರಟಿತ್ತು. ಆದರೂ ಕೆಲವೇ ತಿಂಗಳುಗಳಲ್ಲಿ ಮಕ್ಸಿಮಿನ್ ದಾಯನು ಪೂರ್ವದಲ್ಲಿ ಮತ್ತೆ ಕತ್ತಿ ಎತ್ತಿದನು. ಅದೇ ವರ್ಷದ ನವೆಂಬರ್ ತಿಂಗಳಲ್ಲಿ ಪೇತ್ರರನ್ನು ಹಠಾತ್ತಾಗಿ ಹಿಡಿದು, ವಿಚಾರಣೆಯೂ ಇಲ್ಲದೆ ಶಿರಚ್ಛೇದ ಮಾಡಲಾಯಿತು. ಬಿದ್ದವರ ಮೇಲೆ ಕರುಣೆ ತೋರುವವನು ತಾನೇ ಅಂಜುಬುರುಕನಿರಬೇಕು ಎಂದು ಆಡಿಕೊಂಡವರಿಗೆ ಅವರ ಕೊರಳೇ ಉತ್ತರ ಕೊಟ್ಟಿತು. ಕಾಪ್ಟಿಕ್ ಕ್ರೈಸ್ತರು ಅವರನ್ನು ಇಂದಿಗೂ ರಕ್ತಸಾಕ್ಷಿಗಳ ಮುದ್ರೆ ಎಂದು ಸ್ಮರಿಸುತ್ತಾರೆ.

ಕಥೆ ಅಲ್ಲಿಗೆ ಮುಗಿಯಲಿಲ್ಲ. 325ರಲ್ಲಿ ನೈಸಿಯಾ ಮಹಾಸಭೆ ಸೇರಿತು. ಅದರ 1700ನೇ ವರ್ಷವನ್ನು ಜಗತ್ತಿನ ಕ್ರೈಸ್ತರು 2025ರಲ್ಲಿ ಆಚರಿಸಿದರು. ನೈಸಿಯಾ ಎಂದೊಡನೆ ನಮಗೆ ಅರಿಯೂಸನೂ ವಿಶ್ವಾಸ ಸಂಗ್ರಹವೂ ನೆನಪಾಗುತ್ತವೆ. ಆದರೆ ಆ ಮಹಾಸಭೆ ಮೆಲಿಟಿಯರ ಒಡಕನ್ನೂ ಕೈಗೆತ್ತಿಕೊಂಡಿತ್ತು. ಅಲ್ಲಿ ಕುಳಿತಿದ್ದವರಲ್ಲಿ ಹಿಂಸೆಯ ಗಾಯಗಳನ್ನು ಮೈಮೇಲೆ ಹೊತ್ತವರಿದ್ದರು. ಈಜಿಪ್ಟಿನ ಪಫ್ನೂಸಿಯರ ಒಂದು ಕಣ್ಣನ್ನೇ ಕಿತ್ತಿದ್ದರೆಂದು ಪರಂಪರೆ ಹೇಳುತ್ತದೆ. ಇಂಥವರು ಸೇರಿ ಕೊಟ್ಟ ತೀರ್ಪು ಕರುಣೆಯದಾಗಿತ್ತು. ಮೆಲಿಟಿಯರಿಗೆ ಧರ್ಮಾಧ್ಯಕ್ಷರೆಂಬ ಹೆಸರನ್ನು ಉಳಿಸಿ, ಅಧಿಕಾರವನ್ನಷ್ಟೇ ಹಿಂಪಡೆದರು. ಅವರಿಂದ ದೀಕ್ಷೆ ಪಡೆದವರನ್ನು ಎರಡನೆಯ ಸ್ಥಾನದಲ್ಲಾದರೂ ಸೇವೆಗೆ ಸೇರಿಸಿಕೊಂಡರು. ಸಾಯುವ ಘಳಿಗೆಯಲ್ಲಿರುವ ಯಾವ ಪಶ್ಚಾತ್ತಾಪಿಗೂ ಪರಮಪ್ರಸಾದವನ್ನು ನಿರಾಕರಿಸಬಾರದೆಂದು ಅದೇ ಮಹಾಸಭೆಯ ಹದಿಮೂರನೆಯ ನಿಯಮ ವಿಧಿಸಿತು. ಹೀಗೆ, ಬಿದ್ದವರಿಗೆ ಕರುಣೆ ಬೇಡವೆಂದವರಿಗೇ ಧರ್ಮಸಭೆ ಕರುಣೆ ತೋರಿತು.

ಆ ಕರುಣೆಯನ್ನು ಅವರ ಗುಂಪು ಹೇಗೆ ಬಳಸಿಕೊಂಡಿತು? ಹತ್ತು ವರ್ಷಗಳಲ್ಲಿ ಅದು ಅರಿಯೂಸನ ಬೆಂಬಲಿಗರೊಡನೆ ಕೈಜೋಡಿಸಿ ಸಂತ ಅಥನಾಸಿಯರ ಬೆನ್ನು ಹತ್ತಿತು. ಅರ್ಸೇನಿಯ ಎಂಬ ತಮ್ಮ ಧರ್ಮಾಧ್ಯಕ್ಷನನ್ನು ಅಥನಾಸಿಯರು ಕೊಲ್ಲಿಸಿದರೆಂದು ಆರೋಪಿಸಿ, ಕತ್ತರಿಸಿದ ಒಂದು ಕೈಯನ್ನು ಸಾಕ್ಷಿಯೆಂದು ತೋರಿಸಲಾಯಿತು. 335ರಲ್ಲಿ ತೂರ್ ಪಟ್ಟಣದಲ್ಲಿ ಸೇರಿದ ಸಭೆಯ ಮುಂದೆ ಅಥನಾಸಿಯರು ಆ ಅರ್ಸೇನಿಯನನ್ನು ಎರಡೂ ಕೈಗಳ ಸಮೇತ ಜೀವಂತವಾಗಿ ತಂದು ನಿಲ್ಲಿಸಿದರು. ಪರಿಶುದ್ಧರೆಂಬ ಹೆಮ್ಮೆಯಿಂದ ಹೊರಟವರು ಮೂವತ್ತು ವರ್ಷಗಳಲ್ಲಿ ತಲುಪಿದ್ದು ಸುಳ್ಳು ಸಾಕ್ಷ್ಯದ ಬಾಗಿಲಿಗೆ. ಪರರ ಬೀಳುವಿಕೆಯ ಲೆಕ್ಕವಿಡುವವನಿಗೆ ತನ್ನ ಕಾಲಡಿಯ ನೆಲ ಜಾರುವುದು ತಿಳಿಯುವುದಿಲ್ಲ.

ಶ್ರೀರಂಗಪಟ್ಟಣದ ಸೀಮೆಯವರು ಇದನ್ನು ಅರಿಯಬೇಕೆಂದು ಆರಂಭದಲ್ಲಿ ಹೇಳಿದ್ದೆ. ಅಲೆಕ್ಸಾಂದ್ರಿಯದ ಪ್ರಶ್ನೆ ಸುಮಾರು ಹದಿನೈದು ಶತಮಾನಗಳ ನಂತರ ಕಾವೇರಿಯ ದಡದಲ್ಲಿ ಮತ್ತೆ ಎದ್ದು ನಿಂತಿತು. 1784ರ ತಪಸ್ಸುಕಾಲ ಆರಂಭವಾಗುವ ವೇಳೆಗೆ, ಎರಡನೆಯ ಮೈಸೂರು ಯುದ್ಧದಲ್ಲಿ ಇಂಗ್ಲಿಷರಿಗೆ ನೆರವಾದರೆಂಬ ಆರೋಪದ ಮೇಲೆ, ಟಿಪ್ಪು ಸುಲ್ತಾನನ ಆಜ್ಞೆಯಂತೆ ಕೆನರಾ ಸೀಮೆಯ ಕ್ರೈಸ್ತರನ್ನು ಸೆರೆಹಿಡಿದು ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ನಡೆಸಲಾಯಿತು. ಸೆರೆಯಾದವರ ಸಂಖ್ಯೆಯನ್ನು ಮೂವತ್ತು ಸಾವಿರದಿಂದ ಅರವತ್ತು ಸಾವಿರದವರೆಗೆ ಬೇರೆಬೇರೆಯಾಗಿ ಅಂದಾಜು ಮಾಡಿದ್ದಾರೆ. ದಾರಿಯಲ್ಲಿಯೇ ಅನೇಕರು ಸತ್ತರು. ಉಳಿದವರಲ್ಲಿ ಬಹುಮಂದಿಯನ್ನು ಬಲಾತ್ಕಾರವಾಗಿ ಮತಾಂತರಿಸಿ, ಸುನ್ನತಿ ಮಾಡಿಸಿ, ಯುವಕರನ್ನು ಸೈನ್ಯಕ್ಕೆ ಸೇರಿಸಿದರು. ದೇವಾಲಯವಿಲ್ಲದೆ, ಗುರುಗಳಿಲ್ಲದೆ, ಸಂಸ್ಕಾರಗಳಿಲ್ಲದೆ ಅವರು ಹದಿನೈದು ವರ್ಷಗಳನ್ನು ಕಳೆದರು.

ಈ ಸಂಗತಿಯನ್ನು ಇಂದು ಪ್ರಸ್ತಾಪಿಸುವಾಗ ಎಚ್ಚರ ಬೇಕು. ಇದನ್ನು ನೆರೆಯ ಮುಸಲ್ಮಾನ ಬಂಧುಗಳ ಮೇಲೆ ದ್ವೇಷ ಕೆರಳಿಸಲು ಬಳಸುವುದು ಪಾಪ. ಹಿರೋಡೆ ಎಂಬ ಊರು ಫ್ರೆಂಚ್ ರಾಕ್ಸ್ ಎಂಬ ಹೆಸರನ್ನು ಪಡೆದದ್ದು ಹೈದರ್ ಮತ್ತು ಟಿಪ್ಪುವಿನ ಸೇವೆಯಲ್ಲಿದ್ದ ಫ್ರೆಂಚ್ ಸೈನಿಕರು ಅಲ್ಲಿ ಬೀಡುಬಿಟ್ಟಿದ್ದರಿಂದ. ಅದೇ ಊರು ಇಂದಿನ ಪಾಂಡವಪುರ. ಕ್ರೈಸ್ತ ದೇಶದ ಸೈನಿಕರನ್ನು ಪಕ್ಕದಲ್ಲಿಟ್ಟುಕೊಂಡಿದ್ದ ಅರಸನೇ ಕೆನರಾದ ಕ್ರೈಸ್ತರನ್ನು ಸೆರೆಹಿಡಿದದ್ದನ್ನು ನೋಡಿದರೆ, ಅದರ ಹಿಂದೆ ಯುದ್ಧಕಾಲದ ರಾಜಕೀಯ ಸಂಶಯವೂ ಬಲವಾಗಿ ಕೆಲಸ ಮಾಡಿತ್ತೆಂಬುದು ತಿಳಿಯುತ್ತದೆ. ಇದರಿಂದ ಸೆರೆಯಾದವರ ನೋವು ಕಡಿಮೆಯಾಗುವುದಿಲ್ಲ. 2015ರಿಂದ 2018ರವರೆಗೆ ಸರ್ಕಾರ ಟಿಪ್ಪು ಜಯಂತಿಯನ್ನು ಆಚರಿಸಿದಾಗಲೂ 2019ರಲ್ಲಿ ಅದನ್ನು ನಿಲ್ಲಿಸಿದಾಗಲೂ ನಡೆದ ವಾದವಿವಾದಗಳಲ್ಲಿ ಈ ಸೆರೆಯಾಳುಗಳನ್ನು ಸಾಕ್ಷಿಗಳಂತೆ ಎಳೆದು ತರಲಾಯಿತು. ಅವರು ಮರಳಿ ಬಂದ ಬಗೆಯನ್ನು ಕೇಳುವ ವ್ಯವಧಾನ ಯಾರಿಗೂ ಇರಲಿಲ್ಲ.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಿತು. ಚದುರಿದ್ದ ಕ್ರೈಸ್ತರನ್ನು ಒಂದುಗೂಡಿಸಲು ಅಲ್ಲಿಗೆ ಬಂದವರು ಪ್ಯಾರಿಸ್ ವಿದೇಶೀ ಮಿಷನ್ನಿನ ಗುರುಗಳಾದ ಅಬ್ಬೆ ದುಬ್ವಾ. ಗಂಜಾಂನಲ್ಲಿರುವ ದೇವಾಲಯ ಇಂದಿಗೂ ಅವರ ಹೆಸರಿನಿಂದಲೇ ಪ್ರಸಿದ್ಧವಾಗಿದೆ. ನಾಡಿನ ಉಡುಪನ್ನು ತೊಟ್ಟು, ನಾಡಿನ ಆಹಾರವನ್ನು ಉಂಡು, ಸಿಡುಬಿನ ವಿರುದ್ಧ ಸಾವಿರಾರು ಜನರಿಗೆ ಲಸಿಕೆ ಹಾಕಿಸಿದ ಅವರನ್ನು ಜನರು ದೊಡ್ಡಸ್ವಾಮಿಯವರು ಎಂದು ಗೌರವಿಸಿದರು. ಸೆರೆಯಿಂದ ಬಿಡುಗಡೆಯಾದವರಲ್ಲಿ ಸುಮಾರು 2,000 ಮಂದಿ ಧರ್ಮಸಭೆಯೊಡನೆ ಮತ್ತೆ ಒಂದಾಗಲು ಅವರ ಬಳಿಗೆ ಬಂದರು. ಸುಮಾರು 20,000 ಮಂದಿ ಮಂಗಳೂರು ಸೀಮೆಗೆ ಮರಳಿ ಕೆಡವಲ್ಪಟ್ಟಿದ್ದ ದೇವಾಲಯಗಳನ್ನು ಪುನಃ ಕಟ್ಟಿದರು. ಈ ಎರಡೂ ಸಂಖ್ಯೆಗಳು ದುಬ್ವಾ ಅವರವೇ.

ಆದರೆ ಅವರು 1823ರಲ್ಲಿ ಲಂಡನ್ನಿನಲ್ಲಿ ಪ್ರಕಟಿಸಿದ ಪತ್ರಗಳ ಪುಸ್ತಕದಲ್ಲಿ ಈ ಜನರ ಬಗ್ಗೆ ಬರೆದದ್ದು ಕಠೋರವಾಗಿದೆ. ಹಿಂದೂಗಳನ್ನು ಕ್ರೈಸ್ತರನ್ನಾಗಿಸುವ ಪ್ರಯತ್ನ ವ್ಯರ್ಥವೆಂದು ವಾದಿಸುವ ಆ ಪುಸ್ತಕದಲ್ಲಿ, ಅಷ್ಟು ಸಾವಿರ ಜನರಲ್ಲಿ ವಿಶ್ವಾಸವನ್ನು ಸಾರಿ ರಕ್ತಸಾಕ್ಷಿಯಾಗುವ ಧೈರ್ಯ ಒಬ್ಬನಿಗೂ ಇರಲಿಲ್ಲವೆಂದು ಅವರು ಹಳಿಯುತ್ತಾರೆ. ತಮ್ಮ ಧರ್ಮತ್ಯಾಗ ಹೊರಗಿನದು ಮಾತ್ರ, ಹೃದಯದಲ್ಲಿ ಕ್ರಿಸ್ತನನ್ನೇ ಉಳಿಸಿಕೊಂಡಿದ್ದೆವು ಎಂದು ಮರಳಿ ಬಂದವರು ಹೇಳಿದ್ದನ್ನೂ ದಾಖಲಿಸುತ್ತಾರೆ. ಆದರೆ ಆ ಮಾತಿಗೆ ಅವರು ಹೆಚ್ಚಿನ ಬೆಲೆ ಕೊಟ್ಟಂತೆ ತೋರುವುದಿಲ್ಲ.

ದೊಡ್ಡಸ್ವಾಮಿಯವರ ಸೇವೆಗೆ ನಮ್ಮ ಸೀಮೆ ಚಿರಋಣಿ. ಆದರೂ ಈ ತೀರ್ಪನ್ನು ನಾನು ಒಪ್ಪಲಾರೆ. ಅಲೆಕ್ಸಾಂದ್ರಿಯದ ಪೇತ್ರರು ಇದನ್ನು ಒಪ್ಪುತ್ತಿರಲಿಲ್ಲ. ಕೈಕಾಲು ಹಿಡಿದು ಸುನ್ನತಿ ಮಾಡಿಸಿಕೊಂಡ ಹುಡುಗನಿಗೂ, ಕೈ ಹಿಡಿದು ಧೂಪ ಹಾಕಿಸಲ್ಪಟ್ಟ ಈಜಿಪ್ಟಿನವನಿಗೂ ಏನು ವ್ಯತ್ಯಾಸ? ಹದಿನಾಲ್ಕನೆಯ ನಿಯಮದ ಪ್ರಕಾರ ಅಂಥವನು ಭ್ರಷ್ಟನಲ್ಲ, ಸಾಕ್ಷಿ. ಬೆದರಿಕೆಗೆ ಮಣಿದವರು ಇದ್ದಿರಬಹುದು, ಲಾಭಕ್ಕೆ ಮಣಿದವರೂ ಇದ್ದಿರಬಹುದು. ಪೇತ್ರರಾಗಿದ್ದರೆ ಅವರನ್ನು ಒಬ್ಬೊಬ್ಬರನ್ನಾಗಿ ಕರೆದು ಕೇಳುತ್ತಿದ್ದರು. ಸಾವಿರಾರು ಜನರ ಅಂತರಂಗವನ್ನು ಒಂದೇ ವಾಕ್ಯದಲ್ಲಿ ತೂಗುತ್ತಿರಲಿಲ್ಲ. ಇನ್ನೂ ಒಂದು ಮಾತು. ದುಬ್ವಾ ಅವರು ಫ್ರಾನ್ಸನ್ನು ಬಿಟ್ಟು ಬಂದದ್ದು 1792ರಲ್ಲಿ, ಅಲ್ಲಿಯ ಕ್ರಾಂತಿಯಲ್ಲಿ ಗುರುಗಳ ಪ್ರಾಣಕ್ಕೇ ಸಂಚಕಾರ ಬಂದಿದ್ದ ವರ್ಷದಲ್ಲಿ. ಅವರು ಬಂದದ್ದು ಸೇವೆಗಾಗಿ, ಅದರಲ್ಲಿ ತಪ್ಪಿಲ್ಲ. ಆದರೆ ಕೆನರಾದ ರೈತನು ಎದುರಿಸಿದ ಪರೀಕ್ಷೆ ಅವರಿಗೆ ಒದಗಿ ಬರಲಿಲ್ಲ. ತಾನು ಬರೆಯದ ಪರೀಕ್ಷೆಯ ಉತ್ತರಪತ್ರಿಕೆಯನ್ನು ತಿದ್ದುವವನ ಕೈ ಸ್ವಲ್ಪ ಹಗುರವಾಗಿರಬೇಕು.

ಅರಸನು ಬಿದ್ದ ಮೇಲೆ ಮರಳುವುದು ಸುಲಭ, ಅದರಲ್ಲೇನು ಹೆಚ್ಚುಗಾರಿಕೆ ಎಂದು ಯಾರಾದರೂ ಕೇಳಬಹುದು. ಹದಿನೈದು ವರ್ಷಗಳೆಂದರೆ ಕೈಹಿಡಿದು ಬಂದ ಮಗು ಮದುವೆಯ ವಯಸ್ಸಿಗೆ ಬರುವಷ್ಟು ಕಾಲ. ನಿಜವಾಗಿಯೂ ವಿಶ್ವಾಸ ಸತ್ತುಹೋಗಿದ್ದರೆ, ಜಮೀನುಗಳು ಪರರ ಕೈಸೇರಿ ದೇವಾಲಯಗಳು ನೆಲಸಮವಾಗಿದ್ದ ಊರಿಗೆ ಅದೇ ಘಟ್ಟವನ್ನು ಇಳಿದು ಇಪ್ಪತ್ತು ಸಾವಿರ ಜನರು ನಡೆದು ಹೋಗುತ್ತಿದ್ದರೆ? ಸತ್ತ ಬೇರು ಚಿಗುರುವುದಿಲ್ಲ. ದುಬ್ವಾ ಅವರು ಕೊಟ್ಟ ಸಂಖ್ಯೆಗಳೇ ಅವರ ತೀರ್ಪಿನ ವಿರುದ್ಧ ಸಾಕ್ಷಿ ನುಡಿಯುತ್ತವೆ. ಇಂದು ಮಂಗಳೂರು, ಉಡುಪಿಯ ದೇವಾಲಯಗಳಲ್ಲಿ ತುಂಬಿ ನಿಲ್ಲುವ ಕುಟುಂಬಗಳಲ್ಲಿ ಎಷ್ಟೋ ಕುಟುಂಬಗಳು ಹೀಗೆ ಹೋಗಿ ಬಂದವರ ಸಂತಾನವೇ. ಅವರು ಮರಳಿದಾಗ ಧರ್ಮಸಭೆ ಬಾಗಿಲು ಮುಚ್ಚಿದ್ದರೆ ಇಂದು ಯಾರಿರುತ್ತಿದ್ದರು?

ಈಗ ನಮ್ಮ ಕೊನೆಯ ಸಾಲಿಗೆ ಬರೋಣ. ಪೇತ್ರರ ಪತ್ರ ಕಲಿಸುವ ಮೊದಲ ಪಾಠ, ಬಿದ್ದವನನ್ನು ಅಳೆಯುವ ಮೊದಲು ಅವನ ಮೇಲೆ ಬಿದ್ದ ಭಾರವನ್ನು ಅಳೆಯಬೇಕು ಎಂಬುದು. 1950ರ ರಾಷ್ಟ್ರಪತಿಗಳ ಆದೇಶದ ಪ್ರಕಾರ, ಕ್ರೈಸ್ತನಾದ ದಲಿತನು ಪರಿಶಿಷ್ಟ ಜಾತಿಯ ಸೌಲಭ್ಯಗಳಿಗೆ ಅರ್ಹನಲ್ಲ. 1956ರಲ್ಲಿ ಸಿಖ್ಖರಿಗೂ 1990ರಲ್ಲಿ ಬೌದ್ಧರಿಗೂ ಅದನ್ನು ವಿಸ್ತರಿಸಲಾಯಿತು, ಕ್ರೈಸ್ತರಿಗೆ ಇಲ್ಲ. ಹೀಗಾಗಿ ಬಡ ತಂದೆಯೊಬ್ಬ ಮಗಳ ಕಾಲೇಜು ಶುಲ್ಕಕ್ಕೂ ತನ್ನ ಜ್ಞಾನಸ್ನಾನದ ಹೆಸರಿಗೂ ನಡುವೆ ಸಿಕ್ಕಿಬೀಳುತ್ತಾನೆ. ಅವನು ಕಾಗದದಲ್ಲಿ ಬರೆದದ್ದು ಸರಿಯೆಂದು ನಾನು ಹೇಳುತ್ತಿಲ್ಲ. ಆದರೆ ಆ ಇಕ್ಕಟ್ಟು ಎಂದೂ ಬಾರದ ಮನೆತನಗಳವರು ಅವನಿಗೆ ಜೀವಾವಧಿ ಶಿಕ್ಷೆ ವಿಧಿಸಲು ಯಾರು? ನಟನೆ ಮಾಡಿ ಪಾರಾದವರಿಗೆ ರಕ್ತಸಾಕ್ಷಿ ಪೇತ್ರರು ವಿಧಿಸಿದ್ದು ಆರು ತಿಂಗಳು.

ಎರಡನೆಯ ಪಾಠ ಇನ್ನೂ ಖಾರವಾದುದು. ಗುಲಾಮನಿಗೆ ಒಂದು ವರ್ಷವಾದರೆ ಯಜಮಾನನಿಗೆ ಮೂರು. ಬಿದ್ದವನಿಗಿಂತ ಬೀಳಿಸಿದವನ ಹೊಣೆ ಹೆಚ್ಚು. ನಮ್ಮ ಧರ್ಮಕೇಂದ್ರಗಳಿಂದ ಹೊರಗೆ ಹೋದವರು ಏಕೆ ಹೋದರು ಎಂದು ಎಂದಾದರೂ ಕೇಳಿದ್ದೇವೆಯೆ? ಮನೆಯಲ್ಲಿ ಕಾಯಿಲೆ ಬಿದ್ದಾಗ ಧರ್ಮಕೇಂದ್ರದವರು ಯಾರೂ ಬಾರದೆ, ಬೇರೊಂದು ಕೂಟದವರು ಬಂದು ಪ್ರಾರ್ಥಿಸಿದ್ದರಿಂದ ಹೋದವರಿದ್ದಾರೆ. ಜಾತಿಯ ಹೆಸರಿನಲ್ಲಿ ಸ್ಮಶಾನದಲ್ಲಿಯೂ ಸಾಲು ಬೇರೆಯಾದಾಗ ನೊಂದು ಹೋದವರಿದ್ದಾರೆ. ಪ್ರೀತಿಸಿದ ಮಗಳನ್ನು ಬಾಗಿಲಿನಿಂದ ಆಚೆ ತಳ್ಳಿದ ತಂದೆಯೇ, ಅವಳು ಧರ್ಮಸಭೆಯ ಹೊರಗೆ ಮದುವೆಯಾದಳೆಂದು ದೂರುವುದುಂಟು. ಹೋದವರ ಪಟ್ಟಿ ನಮ್ಮ ಬಳಿ ಇದೆ. ಕಳುಹಿಸಿದವರ ಪಟ್ಟಿಯನ್ನು ಬರೆಯಲು ಕುಳಿತರೆ ಮೊದಲ ಸಾಲುಗಳಲ್ಲಿ ಕುಳಿತಿರುವ ಎಷ್ಟೋ ಹೆಸರುಗಳು ಅದರಲ್ಲಿ ಬರುತ್ತವೆ. ಗುರುಗಳಾದ ನಮ್ಮ ಹೆಸರುಗಳೂ ತಪ್ಪುವುದಿಲ್ಲ.

ಮೂರನೆಯ ಪಾಠ ವಿಶ್ವಾಸಕ್ಕೆ ಸಂಬಂಧಿಸಿದುದು. ಪಾಪಗಳ ಕ್ಷಮೆಯನ್ನು ನಂಬುತ್ತೇವೆಂದು ನಾವು ಭಾನುವಾರದ ಬಲಿಪೂಜೆಯಲ್ಲಿ ಸಾರುತ್ತೇವೆ. ಗುರುವಿನ ಮೂಲಕ ಕ್ರಿಸ್ತನು ಕ್ಷಮಿಸಿದವನನ್ನು ನಾವು ಎರಡನೆಯ ದರ್ಜೆಯವನಂತೆ ಕಂಡರೆ, ಆ ಸಂಸ್ಕಾರ ಅರ್ಧ ಕೆಲಸವನ್ನಷ್ಟೇ ಮಾಡಿತೆಂದು ಹೇಳಿದಂತಾಯಿತು. ಬಾಯಲ್ಲಿ ನೈಸಿಯಾದ ವಿಶ್ವಾಸ, ನಡೆಯಲ್ಲಿ ಮೆಲಿಟಿಯರ ಪಂಥ! 1983ರ ಧರ್ಮಸಭೆಯ ಕಾನೂನು ಸಂಹಿತೆ ಕೂಡ ದೈಹಿಕ ಬಲಾತ್ಕಾರಕ್ಕೆ ಒಳಗಾದವರನ್ನೂ ಹದಿನಾರು ವರ್ಷ ತುಂಬದವರನ್ನೂ ದಂಡನೆಗೆ ಗುರಿಪಡಿಸುವುದಿಲ್ಲ. ಧರ್ಮಸಭೆಯ ಕಾನೂನೇ ವಿಧಿಸದ ಶಿಕ್ಷೆಯನ್ನು ಊರು ವಿಧಿಸುತ್ತಿದೆ ಎಂದರೆ ಊರು ತನ್ನನ್ನು ಧರ್ಮಸಭೆಗಿಂತ ದೊಡ್ಡದೆಂದು ಎಣಿಸಿಕೊಂಡಿದೆ.

ಹೀಗೆ ಸಡಿಲ ಬಿಟ್ಟರೆ ಎಲ್ಲರೂ ಹೋಗಿ ಬರಲು ಕಲಿತಾರು, ನಿಯತ್ತಿನಿಂದ ನಿಂತವರಿಗೆ ಏನು ಬೆಲೆ ಎಂದು ಹಿರಿಯರು ಕೇಳುತ್ತಾರೆ. ಈ ಪ್ರಶ್ನೆಯನ್ನು ಅಣಕಿಸಲಾಗದು. ನಿಂತವರ ನಿಷ್ಠೆ ಧರ್ಮಸಭೆಯ ಬೆನ್ನೆಲುಬು. ಆದರೆ ಸಾಮತಿಯ ಹಿರಿಯ ಮಗನೂ ಇದೇ ಪ್ರಶ್ನೆಯನ್ನು ಕೇಳಿದ್ದನು. ತಂದೆ ಅವನ ನಿಷ್ಠೆಯನ್ನು ಅಲ್ಲಗಳೆಯಲಿಲ್ಲ, ಹಬ್ಬಕ್ಕೆ ಒಳಗೆ ಬಾ ಎಂದು ಬೇಡಿಕೊಂಡನು. ನಿಂತವರಿಗೆ ದೊರೆಯುವ ಗೌರವವೆಂದರೆ ಬಂದವರ ಕೈಹಿಡಿದು ಒಳಗೆ ನಡೆಸುವ ಹಕ್ಕು. ಪ್ರೇಷಿತ ಪೇತ್ರರು ಕೋಳಿ ಕೂಗುವ ಮುನ್ನ ಮೂರು ಸಲ ನಿರಾಕರಿಸಿದವರು. ಪುನರುತ್ಥಾನರಾದ ಪ್ರಭು ಅವರನ್ನು ಕೊನೆಯ ಸಾಲಿನಲ್ಲಿ ಕೂರಿಸಲಿಲ್ಲ, ಕುರಿಗಳನ್ನು ಮೇಯಿಸುವ ಕೆಲಸವನ್ನು ಒಪ್ಪಿಸಿದರು. ಶಿಲುಬೆಯ ಬಳಿ ಕಡೆಯವರೆಗೆ ನಿಂತ ಯೊವಾನ್ನರು ಅದಕ್ಕೆ ಆಕ್ಷೇಪಣೆ ಎತ್ತಿದ್ದು ಶುಭಸಂದೇಶದಲ್ಲಿ ಎಲ್ಲಿಯೂ ಇಲ್ಲ.

ಆದ್ದರಿಂದ ಓದುಗರಲ್ಲಿ ನನ್ನ ಬೇಡಿಕೆ ಇಷ್ಟೇ. ಮುಂದಿನ ಭಾನುವಾರ ಕೊನೆಯ ಸಾಲಿನಲ್ಲಿ ಕುಳಿತ ಆ ಕುಟುಂಬವನ್ನು ನಿಮ್ಮ ಪಕ್ಕಕ್ಕೆ ಕರೆಯಿರಿ. ಅವರ ಮಗಳಿಗೆ ವಾಚನ ಓದಲು ಕೊಡಿ. ಮನೆಯಲ್ಲಿ ಮಕ್ಕಳ ಎದುರು ಆ ಹಳೆಯ ಪಿಸುಮಾತು ಬಾಯಿಗೆ ಬಂದರೆ ಅಲ್ಲಿಗೇ ನುಂಗಿಬಿಡಿ, ಅದು ನಿಮ್ಮ ತಲೆಮಾರಿನೊಂದಿಗೆ ಮಣ್ಣಾಗಲಿ. ಶ್ರೀರಂಗಪಟ್ಟಣದ ಕೋಟೆಯನ್ನು ದಾಟಿ ಗಂಜಾಂ ದೇವಾಲಯಕ್ಕೆ ಹೋಗುವ ಸಂದರ್ಭ ಒದಗಿದರೆ, ದೊಡ್ಡಸ್ವಾಮಿಯವರಿಗಾಗಿ ಪ್ರಾರ್ಥಿಸುವ ಜೊತೆಗೆ ಅವರ ಬಳಿಗೆ ಮರಳಿ ಬಂದ, ಹೆಸರು ಗೊತ್ತಿಲ್ಲದ ಆ ಎರಡು ಸಾವಿರ ಜನರನ್ನೂ ಸ್ಮರಿಸಿರಿ. ಅವರನ್ನು ಬಿದ್ದವರೆಂದು ಕರುಣೆಯಿಂದ ನೆನೆಯುವುದು ಬೇಡ. ಅಲೆಕ್ಸಾಂದ್ರಿಯದ ಪಿತಾಮಹರ ತೀರ್ಪಿನಂತೆ ಸಾಕ್ಷಿಗಳೆಂದು ಗೌರವದಿಂದ ನೆನೆಯಿರಿ.